ಡಾಕ್ಟರ್ ಬಂದನೋ, ಬಂದಳೋ?

ಎಲ್ಲರಿಗೂ ನಮಸ್ಕಾರ. ನಿನ್ನೆ ಇಲ್ಲಿ ಒಬ್ಬರು, "ಗಂಡು ಹೆಣ್ಣು ಅನ್ನೋ ಭೇದ ಎಲ್ಲ ಊರಲ್ಲೇ ಬಿಟ್ಟು ಬಂದಿದ್ದೀವಿ, ನಮ್ಮ ಮಕ್ಕಳಿಗೆ ಆ ತಲೆಬಿಸಿ ಇಲ್ಲ" ಅಂತ ಬರೆದಿದ್ದರು. ಅದಕ್ಕೆ ಉತ್ತರ ಬರೀತಾ ಬರೀತಾ ಉದ್ದ ಆಯ್ತು, ಬೇರೆ ಪೋಸ್ಟೇ ಹಾಕ್ತಿದ್ದೀನಿ. ನಾವು ನ್ಯೂಜೆರ್ಸಿಗೆ ಬಂದು 13 ವರ್ಷ. ಮಗ 7ನೇ ಗ್ರೇಡು, ಮಗಳು 1ನೇ ಗ್ರೇಡು.

ಭಾನುವಾರದ ಕನ್ನಡ ಕ್ಲಾಸಲ್ಲಿ ಚಿಕ್ಕವರಿಗೆ ಪಾಠ ಹೇಳೋದು ನಾನೇ. ಶನಿವಾರ ರಾತ್ರಿ ಪಾತ್ರೆ ಎಲ್ಲ ಮುಗಿದ ಮೇಲೆ ಕೂತು ಒಂದು ವರ್ಕ್‌ಶೀಟ್ ಮಾಡಿದೆ. ಬಿಟ್ಟ ಸ್ಥಳ ತುಂಬಿ. ಅಮ್ಮ ಅಡುಗೆ ____. ಅಪ್ಪ ಆಫೀಸಿಗೆ ____. ಡಾಕ್ಟರ್ ಆಸ್ಪತ್ರೆಗೆ ____. ಉತ್ತರದ ಹಾಳೆಯಲ್ಲಿ: ಮಾಡುತ್ತಾಳೆ, ಹೋಗುತ್ತಾನೆ, ಬರುತ್ತಾನೆ. ಮಾರನೇ ದಿನ ಮಗಳು ಮೂರನೆಯದಕ್ಕೆ "ಬರುತ್ತಾಳೆ" ಅಂತ ಬರೆದಿದ್ದಳು. ನಾನು ಯೋಚನೆ ಮಾಡದೆ ಕೆಂಪು ಪೆನ್ನಲ್ಲಿ ಗೆರೆ ಎಳೆದೆ. "ನಮ್ಮ ಡಾಕ್ಟರ್ ಆಂಟಿ ಅಲ್ವಾ ಅಮ್ಮಾ?" ಅಂದಳು.

ಹೌದು ಕಣ್ರೀ, ಆಂಟಿಯೇ. ಅಷ್ಟೇ ಅಲ್ಲ, ದಿನಾ ಬೆಳಗ್ಗೆ ಟ್ರೇನ್ ಹಿಡಿದು ಆಫೀಸಿಗೆ ಓಡೋದು ನಾನು, ನಮ್ಮನೇಲಿ ಸಾರಿಗೆ ಒಗ್ಗರಣೆ ಹಾಕೋದು ನಮ್ಮ ಯಜಮಾನರು. ಆದರೂ ಕೀಬೋರ್ಡ್ ಮುಂದೆ ಕೂತಾಗ ಕೈಗೆ ಬಂದದ್ದು ನಾನು ತಿಪಟೂರಲ್ಲಿ ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ವಾಕ್ಯಗಳು. ಊರಲ್ಲಿ ಬಿಟ್ಟು ಬಂದದ್ದು ಏನು, ಸೂಟ್‌ಕೇಸಲ್ಲಿ ಬಂದದ್ದು ಏನು ಅಂತ ಆವತ್ತು ಗೊತ್ತಾಯ್ತು.

ತಮಾಷೆ ಅಂದರೆ ಕನ್ನಡ ಈ ವಿಷಯದಲ್ಲಿ ಅಷ್ಟೇನೂ ಹಟ ಮಾಡಲ್ಲ. ನಾನು, ನೀನು ಅನ್ನೋವಾಗ ಗಂಡು ಹೆಣ್ಣು ಇಲ್ಲ. ಇಬ್ಬರೂ "ಹೋಗ್ತೀನಿ" ಅಂತಾರೆ, ಹಿಂದಿಯ ಹಾಗಲ್ಲ. ಅವನು ಅವಳು ಬರೋದು ಮೂರನೆಯವರ ಮಾತು ಬಂದಾಗ ಮಾತ್ರ. ಅಲ್ಲೂ ಮರ್ಯಾದೆ ಕೊಟ್ಟು "ಬರುತ್ತಾರೆ" ಅಂದುಬಿಟ್ಟರೆ ಗಂಡೋ ಹೆಣ್ಣೋ ಯಾರಿಗೂ ಗೊತ್ತಾಗಲ್ಲ. (ನನ್ನ ಹವ್ಯಕ ಗೆಳತಿಯ ಮನೇಲಿ "ಅಕ್ಕ ಬಂತು" ಅಂತಾರೆ. ಅದರ ಬಗ್ಗೆ ಜಗಳಕ್ಕೆ ಇನ್ನೊಂದು ದಿನ ಸೇರೋಣ.) ಡಾಕ್ಟರಿಗೆ ನಾನು ಸ್ವಲ್ಪ ಮರ್ಯಾದೆ ಕೊಟ್ಟಿದ್ದರೆ ಸಾಕಿತ್ತು.

ಒಂದು ವರ್ಕ್‌ಶೀಟಿಗೆ ಇಷ್ಟು ರಾಮಾಯಣ ಯಾಕೆ ಅಂತೀರಾ? ಮಗಳಿಗೆ ಈಗ ಆರು ವರ್ಷ, ಅದಕ್ಕೆ. 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇಲ್ಲಿನ ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ ಬಂದಿತ್ತು. "ತುಂಬಾ ತುಂಬಾ ಜಾಣರು" ಯಾರು ಅಂತ ಕೇಳಿದರೆ 5 ವರ್ಷದ ಹುಡುಗಿಯರು ಹುಡುಗರಷ್ಟೇ ಧೈರ್ಯವಾಗಿ ತಮ್ಮವರನ್ನೇ ತೋರಿಸ್ತಾರೆ. 6, 7ಕ್ಕೆ ಬರುವಷ್ಟರಲ್ಲಿ ಅದು ಕಡಿಮೆಯಾಗುತ್ತೆ. ಶಾಲೆಯಲ್ಲಿ ಒಳ್ಳೆ ಗ್ರೇಡ್ ಯಾರಿಗೆ ಅಂದರೆ ಮಾತ್ರ ಅದೇ ಹುಡುಗಿಯರು "ಹುಡುಗಿಯರಿಗೆ" ಅಂತಾರೆ! ಅಂದರೆ ಹುಡುಗಿ ಕಷ್ಟಪಟ್ಟು ಓದ್ತಾಳೆ, ಹುಡುಗನಿಗೆ ತಲೆ ಇದೆ. ಈ ಮಾತು ಎಲ್ಲೋ ಕೇಳಿದ ಹಾಗಿಲ್ವಾ? ನಮ್ಮ ಅತ್ತೆ ಮಾವಂದಿರು ಫೋನಲ್ಲಿ ಮೊಮ್ಮಕ್ಕಳ ಬಗ್ಗೆ ಹೇಳೋದು ಅಕ್ಷರಶಃ ಇದೇ.

ಇನ್ನೊಂದು ಅಧ್ಯಯನ ನನ್ನನ್ನು ಬಹಳ ದಿನ ಕಾಡಿತು. ಕೇರಳ ಮೂಲದ ಮನಶ್ಶಾಸ್ತ್ರಜ್ಞೆ (ನೋಡಿ, ಈ "ಜ್ಞೆ" ತಾನಾಗೇ ಬಂತು) ನಳಿನಿ ಅಂಬಾಡಿ ಮತ್ತವರ ಜೊತೆಗಾರರು 2001ರಲ್ಲಿ ಪ್ರಕಟಿಸಿದ್ದು. ಏಷ್ಯನ್ ಅಮೆರಿಕನ್ ಪುಟ್ಟ ಹುಡುಗಿಯರಿಗೆ ಲೆಕ್ಕ ಕೊಡೋ ಮುಂಚೆ ಒಂದು ಚಿತ್ರಕ್ಕೆ ಬಣ್ಣ ತುಂಬೋಕೆ ಕೊಟ್ಟರು. ಕೆಲವರಿಗೆ ಗೊಂಬೆ ಹಿಡಿದ ಹುಡುಗಿ, ಕೆಲವರಿಗೆ ಕಡ್ಡಿಗಳಲ್ಲಿ ಅನ್ನ ತಿನ್ನೋ ಏಷ್ಯನ್ ಮಕ್ಕಳು, ಉಳಿದವರಿಗೆ ಬರೀ ನಿಸರ್ಗದ ಚಿತ್ರ. ಗೊಂಬೆಗೆ ಬಣ್ಣ ತುಂಬಿದವರಿಗೆ ಲೆಕ್ಕ ಕಡಿಮೆ ಸರಿಯಾಯ್ತು, ಅನ್ನದ ಚಿತ್ರದವರಿಗೆ ಹೆಚ್ಚು. ಅದೇ ವಯಸ್ಸು, ಅದೇ ಲೆಕ್ಕ. ಗೊಂಬೆ "ಹುಡುಗಿಯರಿಗೆ ಲೆಕ್ಕ ಬರಲ್ಲ" ಅನ್ನೋ ಮಾತನ್ನ, ಅನ್ನದ ಚಿತ್ರ "ಏಷ್ಯನ್ನರು ಲೆಕ್ಕದಲ್ಲಿ ಮುಂದೆ" ಅನ್ನೋ ಮಾತನ್ನ ಒಳಗೊಳಗೇ ನೆನಪಿಸುತ್ತೆ ಅನ್ನೋದು ಅವರ ವಾದ. 3ರಿಂದ 5ನೇ ಗ್ರೇಡಿನವರಲ್ಲಿ ಮಾತ್ರ ಹೀಗಾಗಲಿಲ್ಲ. ಆ ವಯಸ್ಸಿನ ಹುಡುಗಿಯರಿಗೆ ಹುಡುಗರೆಂದರೇ ತಾತ್ಸಾರ ಇರಬೇಕು. ಇಂಥ ಪ್ರಯೋಗಗಳನ್ನು ಆಮೇಲೆ ಬೇರೆಯವರು ಮಾಡಿದಾಗ ಎಲ್ಲ ಕಡೆ ಇದೇ ಫಲ ಬಂದಿಲ್ಲ, ಹಾಗಾಗಿ ಇದೇ ವೇದವಾಕ್ಯ ಅಂತ ನಾನೂ ಹೇಳಲ್ಲ. ಆದರೆ ನನ್ನ ವರ್ಕ್‌ಶೀಟ್ ಅಂಚಲ್ಲಿ ನಾನೇ ಅಂಟಿಸಿದ್ದ ಗೊಂಬೆ ಚಿತ್ರ ನೆನಪಾಗಿ ಹೊಟ್ಟೆಯಲ್ಲಿ ಒಂಥರಾ ಆಯ್ತು.

"ನಮ್ಮವರು ಮ್ಯಾಥ್ಸಲ್ಲಿ ಮುಂದೆ ಅನ್ನೋ ಹೆಸರಿದ್ದರೆ ಒಳ್ಳೇದೇ ಅಲ್ವಾ" ಅಂತ ಡಲ್ಲಾಸಿನ ಸಾರ್ ಒಬ್ಬರು ಕೇಳಿದ್ದರು. ಸಾರ್, ಅದನ್ನು ಹೊರೋದು ನನ್ನ ಮಗ. ಹೋದ ವರ್ಷ ಒಂದು ಟೆಸ್ಟಲ್ಲಿ ಬಿ ಬಂತು. ಪಕ್ಕದ ಹುಡುಗ ನಗ್ತಾ, "ನೀನು ಇಂಡಿಯನ್ ಅಲ್ವೇನೋ?" ಅಂದನಂತೆ. ಕೆಟ್ಟ ಮಾತೇನಲ್ಲ. ಆದರೆ ಅವತ್ತಿಂದ ಇವನು ಕ್ಲಾಸಲ್ಲಿ ಡೌಟ್ ಕೇಳೋಕೆ ಕೈ ಎತ್ತೋದು ಬಿಟ್ಟ. ನಮಗೆ ಗೊತ್ತಾಗಿದ್ದು ನಾಲ್ಕು ತಿಂಗಳ ಮೇಲೆ, ಟೀಚರ್ ಮೀಟಿಂಗಲ್ಲಿ. ರಾತ್ರಿ ಕೇಳಿದರೆ ಕಣ್ಣಲ್ಲಿ ನೀರು. ಊರಿಂದ ಬಂದಿದ್ದ ಹಿರಿಯರೊಬ್ಬರು ಸೋಫಾದಿಂದಲೇ, "ಗಂಡು ಹುಡುಗ ಅಳ್ತಾನೇನೋ" ಅಂದರು. ಒಂದೇ ಹುಡುಗನಿಗೆ ಎರಡು ಕಡೆಯಿಂದ ಪೆಟ್ಟು.

ಮಗಳಿಗೆ ಶಕುಂತಲಾ ದೇವಿ ಕತೆ ಹೇಳಿ ನೋಡಿದೆ. ಬೆಂಗಳೂರಿನವರು, 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಲ್ಲೇ ಗುಣಿಸಿದರು ಅಂತೆಲ್ಲ. ಕಣ್ಣರಳಿಸಿ ಕೇಳಿ, "ಅವರ ಹತ್ರ ಐಪ್ಯಾಡ್ ಇರ್ಲಿಲ್ವಾ?" ಅಂದಳು. ಒಂದು ಕತೆಯಿಂದ ಆಗೋ ಕೆಲಸ ಅಲ್ಲ ಬಿಡಿ.

ವರ್ಕ್‌ಶೀಟ್ ಬದಲಾಯಿಸಿದ್ದೀನಿ. ಅಪ್ಪ ಅಡುಗೆ, ಅಮ್ಮ ಆಫೀಸು, ಡಾಕ್ಟರ್ "ಬರುತ್ತಾರೆ". ಬೇಕಾದವರು ಕೇಳಿ, ಪಿಡಿಎಫ್ ಕಳಿಸ್ತೀನಿ.

ಹಾಗೇ, ರಾಜ್ಯೋತ್ಸವದ ವಾಲಂಟಿಯರ್ ಪಟ್ಟಿ ಈ ಸಲ ನನ್ನ ಕೈಗೆ ಬಂದಿದೆ. ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಲ್ಲೋಕೆ ಇಬ್ಬರು ಹುಡುಗರು, ಮೈಕು ಪ್ರೊಜೆಕ್ಟರ್ ನೋಡ್ಕೊಳ್ಳೋಕೆ ಇಬ್ಬರು ಹುಡುಗಿಯರು ಬೇಕು. ಶುಕ್ರವಾರದೊಳಗೆ ಹೆಸರು ಕಳಿಸಿ. ನನ್ನ ಮಗ ಈ ವರ್ಷ ಕುರ್ಚಿ ಹೊರಲ್ಲ ಅಂದಿದ್ದಾನೆ. ಚಿತ್ರಾನ್ನ ಕಲಸೋ ಕಡೆ ಅವನ ಹೆಸರು ಆಗಲೇ ಬರ್ಕೊಂಡಿದ್ದೀನಿ.