ಸಹಾಯ ಬೇಕು: 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಉಳಿದಿದ್ದರೆ?

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ 1453ರ ಮೇ 29ರಂದು ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ, ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಗೆ ಬೀಳುವುದಿಲ್ಲ.

ನಗರ ಉಳಿಯುವ ದಾರಿ ಸಿಕ್ಕಿದೆ. ನಿಜದಲ್ಲಿ ಆ ದಿನ ನಗರದ ಪರ ಕಾದಾಡುತ್ತಿದ್ದ, ಇಟಲಿಯ ಜಿನೋವಾದ ಸೇನಾನಿ ಜುಸ್ಟಿನಿಯಾನಿ ಗಾಯಗೊಂಡು ಗೋಡೆ ಬಿಟ್ಟ. ಅವನ ಜನ ಕಂಗಾಲಾದರು. ನನ್ನ ಕಥೆಯಲ್ಲಿ ಅವನಿಗೆ ಪೆಟ್ಟು ಬೀಳುವುದಿಲ್ಲ. ತುರ್ಕರ ಸುಲ್ತಾನ ಮೆಹ್ಮದನ ವಜೀರ ಹಲೀಲ್ ಪಾಷಾಗೆ ಈ ಮುತ್ತಿಗೆ ಇಷ್ಟವೇ ಇರಲಿಲ್ಲ. ಆ ದಾಳಿಯೂ ಸೋತರೆ ಅವನ ಮಾತು ನಡೆಯುತ್ತೆ, ಅಲ್ವಾ?

ತೊಡಕಿರುವುದು ಆಮೇಲೆ. ಊರಲ್ಲಿ ಉಳಿದಿದ್ದ ಜನ ಸುಮಾರು 50,000, ನಗರದ ಪರ ಕಾದಾಡಿದವರು ಸುಮಾರು 7,000 ಅಷ್ಟೆ. ಬೊಕ್ಕಸ ಖಾಲಿ. ಮೆಹ್ಮದನಿಗೆ ದೊಡ್ಡ ಫಿರಂಗಿ ಎರಕ ಹೊಯ್ದ ಓರ್ಬನ್ ಮೊದಲು ಕೆಲಸ ಕೇಳಿದ್ದು ಚಕ್ರವರ್ತಿ ಕಾನ್‌ಸ್ಟಾಂಟೈನನ ಹತ್ತಿರ! ಸಂಬಳ ಕೊಡಲಾಗದೆ ಅವನನ್ನು ಕಳೆದುಕೊಂಡರು. ಇದನ್ನು ಓದಿದಾಗ ಹೊಟ್ಟೆ ಚುರ್ ಅಂತು. ವ್ಯಾಪಾರದ ಲಾಭ ಜಾಸ್ತಿ ಹೋಗುತ್ತಿದ್ದದ್ದು ಎದುರು ದಡದ ಗಲಾಟಾದ ಜಿನೋವಾದವರಿಗೆ. 1452ರಲ್ಲಿ ಮೆಹ್ಮದ್ ಕಟ್ಟಿಸಿದ ರುಮೇಲಿ ಕೋಟೆ ಕಪ್ಪು ಸಮುದ್ರದ ದಾರಿಗೆ ಅಡ್ಡ ನಿಂತಿದೆ.

ಇಂಥ ನಗರ ಇನ್ನು ಐವತ್ತು ವರ್ಷ ಏನು ತಿಂದು ಬದುಕಬೇಕು? ಒಂದೇ ಗೆಲುವಿಗೆ ಸಾಮ್ರಾಜ್ಯ ಮತ್ತೆ ಎದ್ದು ನಿಂತಿತು ಅಂತ ಸುಮ್ನೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಆ ಕಾಲದ ಧಾನ್ಯ, ಸುಂಕ, ಹಡಗುಗಳ ಬಗ್ಗೆ ಓದಿದವರು ದಯವಿಟ್ಟು ತಿಳಿಸಿ. ಮೂರನೇ ಅಧ್ಯಾಯ ಅಲ್ಲೇ ನಿಂತಿದೆ.