ಹಾಸ್ಟೆಲ್‌ನಲ್ಲಿ ಆತ್ಮ ಕರೆದ ಮಗ, ಈಗ ದೆವ್ವ ಬಿಡಿಸೋ ವಿಡಿಯೋ ಬಿಟ್ಟು ಏಳ್ತಿಲ್ಲ

ಹೇಮಾವತಿ ದಡದವಳು (ಹಾಸನ)
ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕ್ಯಾಥೊಲಿಕರು. ಮಗ ಸೆಕೆಂಡ್ ಪಿಯುಸಿ, ಹಾಸ್ಟೆಲ್‌ನಲ್ಲಿದ್ದಾನೆ. ದಸರಾ ರಜೆಗೆ ಮುಂಚೆ ನಾಲ್ಕು ಜನ ಹುಡುಗರು ಸೇರಿ ಡ್ರಾಯಿಂಗ್ ಶೀಟ್ ಮೇಲೆ ಅಕ್ಷರ ಬರೆದು, ಮೇಣದಬತ್ತಿ ಹಚ್ಚಿ, ಒಂದು ರೂಪಾಯಿ ನಾಣ್ಯದ ಮೇಲೆ ಬೆರಳಿಟ್ಟು ಆತ್ಮ ಕರೆದಿದ್ದಾರೆ. ನಾಣ್ಯ ಓಡಾಡಿತಂತೆ. ‘ನಮ್ಮಲ್ಲಿ ಯಾರು ಫೇಲ್ ಆಗ್ತಾರೆ’ ಅಂತ ಕೇಳಿದ್ದಕ್ಕೆ ನನ್ನ ಮಗನ ಹೆಸರಿನ ಮೊದಲ ಅಕ್ಷರದ ಮೇಲೆ ಹೋಗಿ ನಿಂತಿತಂತೆ. ಅವತ್ತಿಂದ ಹುಡುಗನಿಗೆ ನಿದ್ದೆ ಇಲ್ಲ.

ಮನೆಗೆ ಬಂದ ಮೇಲೆ ಇನ್ನೊಂದು ಶುರುವಾಗಿದೆ. ಬೆಳಿಗ್ಗೆಯಿಂದ ರಾತ್ರಿವರೆಗೂ ಮೊಬೈಲ್‌ನಲ್ಲಿ ದೆವ್ವ ಬಿಡಿಸೋ ಪ್ರಾರ್ಥನೆಗಳ ವಿಡಿಯೋ. ಯಾವ ಪಿಶಾಚಿಗೆ ಯಾವ ಹೆಸರು, ಯಾವುದು ಯಾವ ಕಾಯಿಲೆ ತರುತ್ತೆ, ಎಲ್ಲಾ ನೋಟ್‌ಬುಕ್‌ನಲ್ಲಿ ಬರ್ಕೊಳ್ತಿದ್ದಾನೆ. ಬೈದರೆ ‘ಶತ್ರು ಯಾರು ಅಂತ ತಿಳ್ಕೋಬೇಕಲ್ವಾ ಅಮ್ಮ’ ಅಂತಾನೆ. ಇದು ಭಕ್ತಿಯೋ, ಅದೇ ಹುಚ್ಚು ಬೇರೆ ಬಾಗಿಲಿಂದ ಬಂದಿದೆಯೋ ನನಗೆ ಗೊತ್ತಾಗ್ತಿಲ್ಲ. ತಿಳಿದವರು ಹೇಳಿ.

ಸಕಲೇಶಪುರ ಬ್ರದರ್
ಸಿಸ್ಟರ್, ಕರ್ತನಲ್ಲಿ ವಂದನೆಗಳು. ಬೈಬಲ್‌ನ ಧರ್ಮೋಪದೇಶಕಾಂಡ 18ನೇ ಅಧ್ಯಾಯ ತೆಗೆದು ಮಗನ ಕೈಲೇ ಓದಿಸಿ. ಕಣಿ ಹೇಳುವವರು, ಮಾಟಗಾರರು, ಸತ್ತವರ ಹತ್ತಿರ ವಿಚಾರಿಸುವವರು, ಎಲ್ಲಾ ಅಲ್ಲಿ ಒಂದೇ ಸಾಲಿನಲ್ಲಿದ್ದಾರೆ. ‘ಸುಮ್ನೆ ತಮಾಷೆಗೆ ಮಾಡಿದೆ’ ಅನ್ನೋರಿಗೆ ಅಲ್ಲಿ ವಿನಾಯಿತಿ ಇಲ್ಲ. ಆದರೆ ವಿಡಿಯೋ ನೋಡೋದನ್ನ ನಾನು ತಪ್ಪು ಅನ್ನಲ್ಲ. ಸೈತಾನನ ತಂತ್ರಗಳು ನಮಗೆ ತಿಳಿಯದೇ ಇಲ್ಲ ಅಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ನಮ್ಮ ಮಕ್ಕಳಿಗೆ ಏನೂ ಹೇಳದೇ ಬೆಳೆಸಿದ್ದಕ್ಕೇ ಹಾಸ್ಟೆಲ್‌ನಲ್ಲಿ ಹೀಗಾಗೋದು.

ಕಳಸದ ಹುಡುಗ
ಆಂಟಿ, ದಯವಿಟ್ಟು ಹೆದರಬೇಡಿ. ನಾಣ್ಯ ತಳ್ಳಿದ್ದು ಆ ನಾಲ್ಕು ಜನರ ಬೆರಳೇ. ವಿಜ್ಞಾನಿ ಮೈಕೆಲ್ ಫ್ಯಾರಡೆ 1853ರಲ್ಲೇ ಇದನ್ನು ತೋರಿಸಿದ್ದಾರೆ. ಆಗ ಇಂಗ್ಲೆಂಡಿನಲ್ಲಿ ಜನ ಮೇಜಿನ ಮೇಲೆ ಕೈಯಿಟ್ಟು ಆತ್ಮ ಕರೀತಿದ್ರು, ಮೇಜು ತಿರುಗ್ತಿತ್ತು. ಫ್ಯಾರಡೆ ಕೈಗೂ ಮೇಜಿಗೂ ಮಧ್ಯೆ ರಟ್ಟಿನ ಹಾಳೆಗಳನ್ನು ಮೆತ್ತನೆ ಅಂಟು ಹಾಕಿ ಇಟ್ಟರು. ಮೇಜಿಗಿಂತ ಮೊದಲು ಕೈಯೇ ಜರುಗಿದೆ ಅಂತ ಹಾಳೆ ಸರಿದಿದ್ದು ನೋಡಿ ಗೊತ್ತಾಯ್ತು. ಕೂತವರು ಯಾರೂ ಸುಳ್ಳು ಹೇಳ್ತಿರಲಿಲ್ಲ, ತಾವು ತಳ್ಳುತ್ತಿದ್ದೀವಿ ಅನ್ನೋದು ಅವರಿಗೇ ತಿಳಿದಿರಲಿಲ್ಲ. ಆತ್ಮ ಕರೆಯೋ ಅಕ್ಷರದ ಹಲಗೆಗೆ ಓಯಿಜಾ ಬೋರ್ಡ್ ಅಂತೀವಲ್ಲ, ಅದಕ್ಕೂ 1891ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ಆಟದ ಸಾಮಾನು ಅಂತಲೇ.

ನಾನೂ ಕ್ರೈಸ್ತನೇ. ಫ್ರೆಂಡ್ಸ್ ಜೊತೆ ಶೆಟ್ಟಿಹಳ್ಳಿ ಹಳೇ ಚರ್ಚಿಗೆ ರಾತ್ರಿ ಹೋಗಿ ರೀಲ್ಸ್ ಮಾಡಿದ್ದೀನಿ. ಏನೂ ಆಗಲಿಲ್ಲ. ಕುತೂಹಲವೇ ಪಾಪ ಅಂದ್ರೆ ನಾವು ಓದೋದಾದ್ರೂ ಹೇಗೆ?

ತೋಟದ ರೈಟರ್ (ಮೂಡಿಗೆರೆ)
ತಮ್ಮಾ, ಫ್ಯಾರಡೆ ವಿಷಯ ಒಪ್ಪಿದೆ. ಬೆರಳೇ ತಳ್ಳಿದ್ದು ಅಂತಲೇ ಇಟ್ಕೊಳ್ಳೋಣ. ಆದರೆ ನಾಲ್ಕು ಹುಡುಗರು ಬಾಗಿಲು ಹಾಕಿ, ದೀಪ ಆರಿಸಿ, ದೇವರನ್ನು ಬಿಟ್ಟು ಇನ್ಯಾರನ್ನೋ ‘ನಮ್ಮ ಮುಂದಿನ ಗತಿ ಹೇಳು’ ಅಂತ ಕೇಳಿದ್ದು ಬೆರಳಿನ ಕೆಲಸ ಅಲ್ಲ. ಅದು ಮನಸ್ಸಿನ ಕೆಲಸ.

ಬೈಬಲ್‌ನಲ್ಲಿ ಇಸ್ರಾಯೇಲರ ರಾಜ ಸೌಲನ ಕಥೆ ನೋಡು, 1 ಸಮುವೇಲ 28. ಸತ್ತವರನ್ನು ಮಾತಾಡಿಸೋರನ್ನೆಲ್ಲ ದೇಶದಿಂದ ಓಡಿಸಿದವನು ಅವನೇ. ಫಿಲಿಷ್ಟಿಯರ ದಂಡು ಕಂಡು ಎದೆ ಒಡೆದಾಗ, ದೇವರ ಉತ್ತರ ಬಾರದೇ ಹೋದಾಗ, ವೇಷ ಮರೆಸಿಕೊಂಡು ರಾತ್ರಿ ಏಂದೋರಿನಲ್ಲಿ ಸತ್ತವರನ್ನು ಮಾತಾಡಿಸೋ ಹೆಂಗಸಿನ ಹತ್ತಿರ ಹೋದ. ಕೇಳಿದ್ದಕ್ಕೆ ಉತ್ತರ ಸಿಕ್ತು, ನಿಜವೂ ಆಯ್ತು. ಏನು ಲಾಭ? ಆ ಮಾತು ಕೇಳಿ ನೆಲಕ್ಕೆ ಬಿದ್ದ. ಹಗಲೂ ರಾತ್ರಿ ಊಟ ಮಾಡಿರಲಿಲ್ಲ, ಆ ಹೆಂಗಸೇ ಕರು ಕೊಯ್ದು ರೊಟ್ಟಿ ಸುಟ್ಟು ಬಲವಂತವಾಗಿ ತಿನ್ನಿಸಿದಳು. ನನಗೆ ಆ ಅಧ್ಯಾಯದಲ್ಲಿ ಮನಸ್ಸಿಗೆ ತಟ್ಟೋದು ಆ ಊಟವೇ. ಅವನಿಗೆ ಬೇಕಾಗಿದ್ದು ಭವಿಷ್ಯ ಅಲ್ಲ, ಪಕ್ಕದಲ್ಲಿ ಕೂತು ‘ಒಂದು ತುತ್ತು ತಿನ್ನು’ ಅನ್ನೋ ಒಬ್ಬರು. ತಾಯಿ, ನಿಮ್ಮ ಮಗ ಫೇಲ್ ಆಗೋ ಭಯದಲ್ಲಿ ಎಷ್ಟು ದಿನದಿಂದ ಒಬ್ಬನೇ ಇದ್ದನೋ, ಮೊದಲು ಅದನ್ನು ಕೇಳಿ.

ಜಪಸರ ಟೀಚರ್ (ಚಿಕ್ಕಮಗಳೂರು)
ಇಪ್ಪತ್ತು ವರ್ಷದಿಂದ ಭಾನುವಾರ ಧರ್ಮೋಪದೇಶ ತರಗತಿ ನಡೆಸ್ತಿದ್ದೀನಿ. ಬ್ರದರ್ ಅವರಿಗೆ ಒಂದು ಮಾತು. ತಂತ್ರದ ಬಗ್ಗೆ ಪೌಲ ಹೇಳಿದ ಮಾತು ಎರಡನೇ ಕೊರಿಂಥ 2:11. ಅದರ ಹಿಂದಿನ ವಚನಗಳನ್ನೂ ಓದಿ. ಅಲ್ಲಿ ಪೌಲ ಮಾತಾಡ್ತಿರೋದು ತಪ್ಪು ಮಾಡಿದ ಒಬ್ಬನನ್ನು ಸಭೆ ಕ್ಷಮಿಸಬೇಕು ಅನ್ನೋದರ ಬಗ್ಗೆ. ಕ್ಷಮಿಸದೇ ಇದ್ದರೆ ಸೈತಾನ ಅದನ್ನೇ ಉಪಯೋಗಿಸ್ತಾನೆ ಅಂತ. ಪಿಶಾಚಿಗಳ ಪಟ್ಟಿ ಮಾಡಿ ಅಂತ ಅಲ್ಲಿಲ್ಲ.

ಇನ್ನು ವಿಡಿಯೋ ವಿಷಯ. 1614ರ ರೋಮನ್ ವಿಧಿಪುಸ್ತಕದಲ್ಲಿ ಭೂತೋಚ್ಚಾಟನೆ ಮಾಡುವ ಗುರುವಿಗೇ ಒಂದು ಎಚ್ಚರಿಕೆ ಇದೆ: ಹೆಚ್ಚು ಮಾತಾಡಬಾರದು, ಬೇಡದ, ಕುತೂಹಲದ ಪ್ರಶ್ನೆ ಕೇಳಬಾರದು, ಅದರಲ್ಲೂ ಮುಂದಾಗುವುದರ ಬಗ್ಗೆ, ಗುಟ್ಟಿನ ಸಂಗತಿಗಳ ಬಗ್ಗೆ. ಅಪ್ಪಣೆ ಪಡೆದ ಗುರುವಿಗೇ ಈ ಮಾತಾದರೆ ನಮಗೆ? 1985ರ ಸೆಪ್ಟೆಂಬರ್ 29ರಂದು ರೋಮ್‌ನಿಂದ ಎಲ್ಲ ಬಿಷಪರಿಗೂ ಪತ್ರ ಬಂತು. ಮುಂದೆ 16ನೇ ಬೆನೆಡಿಕ್ಟ್ ಆಗಿ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ ಅವರ ಸಹಿ. ಅಧಿಕಾರ ಇಲ್ಲದವರು ಕೂಟ ನಡೆಸಿ ಪಿಶಾಚಿಯನ್ನು ನೇರವಾಗಿ ಮಾತಾಡಿಸೋದು, ಅದರ ಗುರುತು ಕೇಳೋದು ಕೂಡದು ಅಂತ ಅದರಲ್ಲಿದೆ.

ಕಳಸದ ತಮ್ಮಾ, ಓದೋ ಕುತೂಹಲ ಪಾಪ ಅಂತ ಯಾರೂ ಹೇಳಲಿಲ್ಲ. ಸಂತ ಅಗಸ್ಟೀನರು ತಮ್ಮ ಆತ್ಮಕಥೆಯ ಹತ್ತನೇ ಭಾಗದಲ್ಲಿ ‘ಕಣ್ಣಿನ ಆಸೆ’ ಅಂತ ಬೇರೆ ಮಾಡಿ ಹೇಳ್ತಾರೆ. ನಜ್ಜುಗುಜ್ಜಾದ ಹೆಣ ನೋಡಲು ಜನ ಓಡ್ತಾರೆ, ನೋಡಿ ಮುಖ ಸಿಂಡರಿಸ್ತಾರೆ, ಆದರೂ ಓಡ್ತಾರೆ. ಮಂತ್ರವಿದ್ಯೆಯನ್ನೂ ಅವರು ಇದೇ ಆಸೆಗೆ ಸೇರಿಸ್ತಾರೆ. ಮಗು ನೋಡ್ತಿರೋ ವಿಡಿಯೋ ಯಾವ ಕಡೆಗೆ ಸೇರುತ್ತೆ ನೀನೇ ಹೇಳು.

ಶೆಟ್ಟಿಹಳ್ಳಿ ಬಗ್ಗೆ ಬರೆದಿದ್ದು ಓದಿ ನೋವಾಯ್ತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ದೇವಾಲಯ ಅದು. ಗೊರೂರು ಹಿನ್ನೀರು ಬಂದ ಮೇಲೆ ಜನ ಬಿಟ್ಟುಹೋದರು. ನಮ್ಮವರು ಎಷ್ಟೋ ಮಂದಿ ಅಲ್ಲಿ ಸ್ನಾನದೀಕ್ಷೆ ಪಡೆದಿದ್ದಾರೆ, ಮದುವೆ ಆಗಿದ್ದಾರೆ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಆ ಗೋಡೆಗಳನ್ನು ದೆವ್ವದ ಮನೆ ಅಂತ ತೋರಿಸಬೇಡಪ್ಪ.

ಸಕಲೇಶಪುರ ಬ್ರದರ್
ಟೀಚರ್, 2:11ರ ಸಂದರ್ಭ ನೀವು ಹೇಳಿದ ಮೇಲೆ ಮತ್ತೆ ತೆಗೆದು ಓದಿದೆ. ಸರಿ ಇದೆ, ಒಪ್ಪಿಕೊಳ್ತೀನಿ. ಆದರೆ ಗೆರಸೇನರ ಸೀಮೆಯಲ್ಲಿ ದೆವ್ವ ಹಿಡಿದವನನ್ನು ಯೇಸು ‘ನಿನ್ನ ಹೆಸರೇನು’ ಅಂತ ಕೇಳಿದರಲ್ಲ, ಮಾರ್ಕ 5?

ಜಪಸರ ಟೀಚರ್ (ಚಿಕ್ಕಮಗಳೂರು)
ಹೌದು, ಕೇಳಿದರು. ಅದಕ್ಕೇ ಆ ಹಳೇ ವಿಧಿಪುಸ್ತಕದಲ್ಲೂ ಗುರು ಹೆಸರು, ಸಂಖ್ಯೆ ಕೇಳಬಹುದು ಅಂತಿದೆ. ಕೇಳಿದವರು ಯಾರು, ಯಾಕೆ ಅನ್ನೋದನ್ನ ನೋಡಿ. ಯೇಸುಸ್ವಾಮಿ ಕೇಳಿದ್ದು ಆ ಮನುಷ್ಯನನ್ನು ಬಿಡಿಸಲಿಕ್ಕೆ. ಬಟ್ಟೆ ತೊಟ್ಟು ಸ್ವಸ್ಥ ಮನಸ್ಸಿನಿಂದ ಕೂತಿದ್ದವನನ್ನು ಮನೆಗೆ ಕಳಿಸಿದರು. ಎಫೆಸದಲ್ಲಿ ಸ್ಕೇವ ಅನ್ನೋ ಯೆಹೂದಿ ಯಾಜಕನ ಏಳು ಮಕ್ಕಳು ಯೇಸುವಿನ ಹೆಸರನ್ನು ಕಡ ತಂದು ದೆವ್ವ ಬಿಡಿಸಲು ನೋಡಿದರು. ‘ನೀವು ಯಾರು’ ಅಂತ ಆ ದೆವ್ವದಿಂದಲೇ ಕೇಳಿಸಿಕೊಂಡು, ಗಾಯಗೊಂಡು, ಬಟ್ಟೆ ಇಲ್ಲದೆ ಓಡಿದರು. ಆಮೇಲೆ ಆ ಊರಿನವರು ಸುಟ್ಟ ಮಂತ್ರದ ಪುಸ್ತಕಗಳ ಬೆಲೆ 50,000 ಬೆಳ್ಳಿ ನಾಣ್ಯ. ಅಷ್ಟು ಬೆಲೆ ಬಾಳಿದರೂ ಮಾರಲಿಲ್ಲ, ಸುಟ್ಟರು.

ರಾತ್ರಿ ಪಾಳಿ ನರ್ಸ್ (ಚಿಕ್ಕಮಗಳೂರು)
ಅಕ್ಕಾ, ಮಧ್ಯೆ ಬಾಯಿ ಹಾಕ್ತಿದ್ದೀನಿ. ಹುಡುಗ ಎಷ್ಟು ದಿನದಿಂದ ಮಲಗಿಲ್ಲ? ‘ಎದೆ ಮೇಲೆ ಯಾರೋ ಕೂತಂಗೆ ಆಗುತ್ತೆ, ಕೈಕಾಲು ಆಡಲ್ಲ’ ಅಂತ ಏನಾದ್ರೂ ಹೇಳಿದ್ನಾ? ಕನಸು ಬೀಳೋ ಹೊತ್ತಲ್ಲಿ ಮೈ ಸಡಿಲ ಬಿಟ್ಟಿರುತ್ತೆ, ಅಷ್ಟರಲ್ಲಿ ಎಚ್ಚರ ಆದರೆ ಹಾಗಾಗುತ್ತೆ. ನಿದ್ದೆಗೆಟ್ಟವರಲ್ಲಿ ಇದು ಜಾಸ್ತಿ. ವಾರಗಟ್ಟಲೆ ನಿದ್ದೆಗೆಟ್ಟು, ‘ಮನೆಯಲ್ಲಿ ಹೊಗೆ ಹಾಕಿಸಿದ್ವಿ, ತಡೆ ಒಡೆಸಿದ್ವಿ’ ಅಂತ ಸುತ್ತಾಡಿ ಕೊನೆಗೆ ನಮ್ಮ ವಾರ್ಡಿಗೆ ಬಂದ ಹುಡುಗರನ್ನು ನೋಡಿದ್ದೀನಿ. ಪ್ರಾರ್ಥನೆ ಬಿಡಬೇಡಿ, ನಾನೂ ಬಿಡಲ್ಲ. ಆದರೆ ಡಾಕ್ಟರ ಹತ್ತಿರ ಹೋಗೋದನ್ನ ಮುಂದಕ್ಕೆ ಹಾಕಬೇಡಿ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ನಿಮ್ಮೂರಲ್ಲೇ ಇದೆ. ರಾತ್ರಿ ಹೊತ್ತು ಭಯ ಜಾಸ್ತಿ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಯಾರಾದ್ರೂ ‘ಹೊಡೆದು ಬಿಡಿಸ್ತೀನಿ, ಉಪವಾಸ ಕೂರಿಸ್ತೀನಿ’ ಅಂದ್ರೆ ಮಾತ್ರ ಕೈಮುಗಿದು ಎದ್ದು ಬನ್ನಿ, ಅವರು ಪಾಸ್ಟರ್ ಆಗಿರಲಿ ಯಾರೇ ಆಗಿರಲಿ. ದೆವ್ವ ಬಿಡಿಸೋ ಹೆಸರಲ್ಲಿ ಹೊಡೆಯೋದು ರಾಜ್ಯದ 2017ರ ಕಾಯ್ದೆ ಪ್ರಕಾರ ಅಪರಾಧ.

ಜಪಸರ ಟೀಚರ್ (ಚಿಕ್ಕಮಗಳೂರು)
ನರ್ಸಮ್ಮ ಹೇಳಿದ್ದೇ ಧರ್ಮಸಭೆಯೂ ಹೇಳೋದು. 1992ರ ಧರ್ಮೋಪದೇಶ ಗ್ರಂಥ, 1673ನೇ ಪರಿಚ್ಛೇದ: ಕಾಯಿಲೆ ಬೇರೆ, ಅದರಲ್ಲೂ ಮನಸ್ಸಿನ ಕಾಯಿಲೆ ಬೇರೆ, ಅದನ್ನು ನೋಡೋದು ವೈದ್ಯಶಾಸ್ತ್ರದ ಕೆಲಸ. ಉಚ್ಚಾಟನೆಗೆ ಮುಂಚೆ ಕಾಯಿಲೆ ಅಲ್ಲ ಅಂತ ಖಾತ್ರಿ ಆಗಬೇಕು, ಬಿಷಪರ ಅಪ್ಪಣೆಯೂ ಬೇಕು.

ಕಳಸದ ಹುಡುಗ
ಟೀಚರ್, ಶೆಟ್ಟಿಹಳ್ಳಿ ರೀಲ್ಸ್ ತೆಗೆದುಹಾಕಿದೆ. ನಮ್ಮ ಅಜ್ಜಿಯ ಅಮ್ಮನೂ ಹಾಸನದ ಕಡೆಯವರು, ಯೋಚನೆಯೇ ಮಾಡಿರಲಿಲ್ಲ. ಇನ್ನೊಂದು ಪ್ರಶ್ನೆ. ನಮ್ಮ ತೋಟದ ಲೈನ್ ಮನೆಗಳಲ್ಲಿ ಘಟ್ಟದ ಕೆಳಗಿನವರು ಇದ್ದಾರೆ, ದೈವಕ್ಕೆ ನಡ್ಕೊಳ್ತಾರೆ. ಬ್ರದರ್ ತರದವರು ಅದನ್ನೂ ಇದರ ಜೊತೆ ಸೇರಿಸಿಬಿಡ್ತಾರೆ. ಅವರ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು ನಾನು.

ಸಕಲೇಶಪುರ ಬ್ರದರ್
ತಮ್ಮಾ, ನನ್ನ ನಂಬಿಕೆ ನಾನು ಮುಚ್ಚಿಡಲ್ಲ, ನಾನು ಅದರಲ್ಲಿ ಪಾಲು ತಗೊಳ್ಳಲ್ಲ. ಆದರೆ ಅವರನ್ನು ದೆವ್ವದವರು ಅಂದ ದಿನ ನಾನೇ ತಪ್ಪಿದ ಹಾಗೆ.

ತೋಟದ ರೈಟರ್ (ಮೂಡಿಗೆರೆ)
ಬ್ರದರ್, ಇದನ್ನು ನಿಮ್ಮ ಬಾಯಿಂದ ಕೇಳಿ ಸಂತೋಷ ಆಯ್ತು. ಅವರ ಮನೆ ದೇವರು ಅವರಿಗೆ ಅಜ್ಜ ಮುತ್ತಜ್ಜನ ಕಾಲದಿಂದ ಬಂದ ಬಾಳು. ನಮ್ಮ ಹುಡುಗರು ನಾಣ್ಯ ಇಟ್ಟದ್ದು ಹಾಗಲ್ಲ, ಬಾಗಿಲ ಸಂದಿಯಲ್ಲಿ ಇಣುಕಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕೆ ನನಗೂ ಮನಸ್ಸು ಬರಲ್ಲ.

ಹೇಮಾವತಿ ದಡದವಳು (ಹಾಸನ)
ಎಲ್ಲರಿಗೂ ಕೃತಜ್ಞತೆ. ನಿನ್ನೆ ರಾತ್ರಿ ಅವನ ಪಕ್ಕ ಕೂತು ಕೇಳಿದೆ. ಕಿರುಪರೀಕ್ಷೆಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡೂ ಹೋಗಿತ್ತಂತೆ, ನಮಗೆ ಹೇಳಿರಲಿಲ್ಲ. ನಾಣ್ಯ ತನ್ನ ಅಕ್ಷರಕ್ಕೆ ಹೋಗುತ್ತೆ ಅಂತ ಅವನಿಗೆ ಮೊದಲೇ ಅನ್ನಿಸಿತ್ತಂತೆ. ಎದೆ ಮೇಲೆ ಕೂತಂಗೆ ಆಗೋದೂ ನಿಜ, ಎರಡು ಸಲ. ಇವತ್ತು ಬೆಳಿಗ್ಗೆ ಡಾಕ್ಟರಿಗೆ ತೋರಿಸಿದ್ವಿ. ಸಂಜೆ ಫಾದರ್ ಹತ್ತಿರ ಪಾಪನಿವೇದನೆ ಮಾಡ್ಕೊಂಡು ಬಂದ. ಫಾದರ್ ಪಿಶಾಚಿ ಹೆಸರು ಒಂದನ್ನೂ ಕೇಳಲಿಲ್ಲವಂತೆ, ‘ಯಾವ ಚಾಪ್ಟರ್ ಕಷ್ಟ’ ಅಂತ ಕೇಳಿದರಂತೆ.

ನೋಟ್‌ಬುಕ್ ಅವನೇ ತಂದು ಕೊಟ್ಟ. ಬಚ್ಚಲ ಒಲೆಗೆ ಹಾಕಿದೆ.

ರಾತ್ರಿ ಪಾಳಿ ನರ್ಸ್ (ಚಿಕ್ಕಮಗಳೂರು)
ಮಲಗಿದ್ನಾ ಅಕ್ಕಾ?

ಹೇಮಾವತಿ ದಡದವಳು (ಹಾಸನ)
ಒಂಬತ್ತೂವರೆಗೆ ಮಲಗಿದ. ಮೊಬೈಲ್ ಅಡುಗೆ ಮನೆಯಲ್ಲಿ ನನ್ನ ಹತ್ತಿರ ಇದೆ.