ಜೇಮ್ಸ್‌ಟೌನ್‌ನಿಂದ ಉಕ್ಕಿನ ಕಾರ್ಖಾನೆವರೆಗೆ: ಮಗಳ ಜೊತೆ ಅಮೆರಿಕದ ಇತಿಹಾಸ ರಿವಿಜನ್ ಮಾಡುವುದು ಹೇಗೆ?

ಪ್ರಶ್ನೆ (ನ್ಯೂಜೆರ್ಸಿಯ ಒಬ್ಬ ಅಮ್ಮ)

ಎಲ್ಲರಿಗೂ ನಮಸ್ಕಾರ. ಮಗಳು ಹನ್ನೊಂದನೇ ಕ್ಲಾಸು, ಎಪಿ ಯುಎಸ್ ಹಿಸ್ಟರಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಅಮೆರಿಕ ಇತಿಹಾಸ) ತೆಗೆದುಕೊಂಡಿದ್ದಾಳೆ. ಜನವರಿ ಕೊನೆಗೆ ಶಾಲೆಯಲ್ಲಿ ಮಿಡ್‌ಟರ್ಮ್. ಇಂಗ್ಲಿಷರ ವಸಾಹತುಗಳಿಂದ ಶುರುವಾಗಿ ದೊಡ್ಡ ಕಾರ್ಖಾನೆಗಳ ಕಾಲದವರೆಗೆ, ಅಂದರೆ 1607ರಿಂದ 1898ರ ತನಕ ಪೋರ್ಷನ್. ಎಲ್ಲಾ ಓದಿದ್ದೀನಿ ಅನ್ನುತ್ತಾಳೆ. ಕೇಳಿದರೆ ಇಸವಿ, ಹೆಸರು ಪಟಪಟ ಹೇಳುತ್ತಾಳೆ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅಂದರೆ ಮಾತಿಲ್ಲ. ನಾನು ದಾವಣಗೆರೆಯಲ್ಲಿ ಪಿಯುಸಿ ಸೈನ್ಸ್ ಓದಿದವಳು. ವಾಷಿಂಗ್ಟನ್, ಲಿಂಕನ್ ಬಿಟ್ಟರೆ ನನಗೂ ಏನೂ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಓದಿಸಬೇಕು ಅಂತ ಆಸೆ. ಮಕ್ಕಳಿಗೆ ಓದಿಸಿದವರು, ಸ್ವತಃ ಓದಿದವರು ದಯವಿಟ್ಟು ಹೇಳಿ.

ಡಲ್ಲಾಸ್‌ನಿಂದ ಒಬ್ಬ ಅಪ್ಪ

ನಮ್ಮ ಮಗನದ್ದೂ ಇದೇ ಕಥೆ ಆಗಿತ್ತು ಮೇಡಂ. ಅವನ ಜೊತೆ ಕೂತಾಗ ನಾವು ಒಂದೇ ಪ್ರಶ್ನೆ ಹಿಡಿದುಕೊಂಡೆವು: ಇಲ್ಲಿ ದುಡಿಯುವವರು ಯಾರು, ಅವರಿಗೆ ಸಿಕ್ಕಿದ್ದೇನು? ಪ್ರತಿ ಅಧ್ಯಾಯಕ್ಕೂ ಅದನ್ನೇ ಕೇಳುತ್ತಾ ಹೋದೆವು.

ವರ್ಜೀನಿಯಾದಿಂದ ಶುರು ಮಾಡಿ. ಅಲ್ಲಿ ತಂಬಾಕು ಬೆಳೆಯಲು ನೆಲ ಬೇಕಾದಷ್ಟು, ಕೈಗಳೇ ಇಲ್ಲ. ಇಂಗ್ಲೆಂಡಿನ ಬಡವರು ಹಡಗಿನ ಖರ್ಚಿಗೆ ಬದಲಾಗಿ ನಾಲ್ಕರಿಂದ ಏಳು ವರ್ಷ ದುಡಿಯುವ ಕರಾರು ಬರೆದುಕೊಟ್ಟು ಬಂದರು. ಹಾಗೆ ಕರೆಸಿದ ಧಣಿಗೆ ತಲೆಗೆ 50 ಎಕರೆ ಜಮೀನು. 1619ರಲ್ಲಿ ಜೇಮ್ಸ್‌ಟೌನ್‌ನಲ್ಲಿ ಮೊದಲ ಪ್ರತಿನಿಧಿ ಸಭೆ ಕೂತಿತು. ಅದೇ ವರ್ಷ ಅಲ್ಲೇ ಹತ್ತಿರದ ಪಾಯಿಂಟ್ ಕಂಫರ್ಟ್‌ಗೆ ಆಫ್ರಿಕಾದವರನ್ನು ಹಡಗಿನಲ್ಲಿ ತಂದು ಮಾರಿದರು. ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆಸಿ. 1662ರಲ್ಲಿ ಒಂದು ಕಾನೂನು ಬಂತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಅಪ್ಪ ಧಣಿಯೇ ಆಗಿದ್ದರೂ ಅಷ್ಟೇ. ಇದನ್ನು ಓದಿದಾಗ ನಮ್ಮ ಮಗ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟ.

1676ರಲ್ಲಿ ನಥಾನಿಯಲ್ ಬೇಕನ್ ಅನ್ನುವ ಜಮೀನ್ದಾರ ವರ್ಜೀನಿಯಾದ ಗವರ್ನರ್ ವಿರುದ್ಧ ಎಬ್ಬಿಸಿದ ದಂಗೆಯಲ್ಲಿ ಬಡ ಬಿಳಿಯರು, ಕರಾರಿನ ಆಳುಗಳು, ಗುಲಾಮರು ಒಟ್ಟಿಗೆ ನಿಂತರು. ಜೇಮ್ಸ್‌ಟೌನ್ ಸುಟ್ಟುಹೋಯಿತು. ಆಮೇಲೆ ಜಮೀನ್ದಾರರು ಕರಾರಿನ ಆಳುಗಳನ್ನು ಬಿಟ್ಟು ಗುಲಾಮರ ಕಡೆ ವಾಲಿದರು ಅಂತ ಪುಸ್ತಕದಲ್ಲಿ ಇರುತ್ತದೆ. ಅದೊಂದೇ ಕಾರಣ ಅಲ್ಲ. ಇಂಗ್ಲೆಂಡಿನಿಂದ ಬರುವವರೇ ಕಡಿಮೆಯಾದರು. 1698ರಲ್ಲಿ ಗುಲಾಮರ ವ್ಯಾಪಾರದ ಮೇಲಿದ್ದ ರಾಯಲ್ ಆಫ್ರಿಕನ್ ಕಂಪನಿಯ ಏಕಸ್ವಾಮ್ಯವೂ ಹೋಯಿತು. ಮೂರೂ ಕಾರಣ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಮುಂದಕ್ಕೂ ಇದೇ ದಾರಿ. ನೀವು ದಾವಣಗೆರೆಯವರು, ಜಿನ್ನಿಂಗ್ ಅಂದರೇನು ಅಂತ ನಾನು ಹೇಳಬೇಕಿಲ್ಲ. 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬೇರೆ ಮಾಡುವ ಯಂತ್ರ ತಂದ. ಬೀಜ ಬಿಡಿಸುವ ಕೆಲಸ ಹಗುರಾಯಿತು, ಹಾಗಾಗಿ ಹತ್ತಿ ಬೆಳೆಯುವುದು ಲಾಭದ ವ್ಯವಹಾರವಾಯಿತು, ಗುಲಾಮಗಿರಿ ಹಬ್ಬಿತು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ ಹತ್ತಿರ ಹತ್ತಿರ 40 ಲಕ್ಷ. ಆ ಹತ್ತಿ ಹೋಗಿದ್ದು ಇಂಗ್ಲೆಂಡಿಗೆ, ಜೊತೆಗೆ ಉತ್ತರದ ಗಿರಣಿಗಳಿಗೆ. ಅಂತರ್ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರಿಗೆ ಜಮೀನು ಸಿಗಲಿಲ್ಲ. ನಮ್ಮ ಕಡೆ ವಾರಕ್ಕೆ ಗೇಯುವುದು ಅನ್ನುತ್ತಾರಲ್ಲ, ಹಾಗೆ ಹಳೇ ಧಣಿಯ ಹೊಲದಲ್ಲೇ ಬೆಳೆಯ ಪಾಲಿಗೆ ದುಡಿದು ಅಂಗಡಿ ಸಾಲದಲ್ಲಿ ಮುಳುಗಿದರು. ಕೊನೆಗೆ 1892ರ ಹೋಮ್‌ಸ್ಟೆಡ್ ಮುಷ್ಕರ. ಪಿಟ್ಸ್‌ಬರ್ಗ್ ಹತ್ತಿರದ ಕಾರ್ನೆಗಿ ಉಕ್ಕಿನ ಕಾರ್ಖಾನೆ. ಮ್ಯಾನೇಜರ್ ಫ್ರಿಕ್ ರಾತ್ರೋರಾತ್ರಿ ಪಿಂಕರ್ಟನ್ ಅನ್ನುವ ಖಾಸಗಿ ಏಜೆನ್ಸಿಯ 300 ಕಾವಲುಗಾರರನ್ನು ನದಿಯ ಮೇಲೆ ದೋಣಿಗಳಲ್ಲಿ ಕರೆಸಿದ. ಎರಡೂ ಕಡೆ ಹೆಣ ಬಿದ್ದವು. ರಾಜ್ಯದ ಸೈನ್ಯ ಬಂತು, ಸಂಘ ಮುರಿಯಿತು.

ಬಾಸ್ಟನ್ ಹತ್ತಿರದಿಂದ

ಸರ್ ಹೇಳಿದ ದಾರಿ ಚೆನ್ನಾಗಿದೆ. ಆದರೆ ಇಸವಿಗಳನ್ನು ಪೂರ್ತಿ ಕೈ ಬಿಡಬೇಡಿ ಅಕ್ಕ. ಯಾವುದರ ನಂತರ ಯಾವುದು ಅನ್ನುವುದು ಗೊತ್ತಿಲ್ಲದಿದ್ದರೆ ಕಾರಣ ಹೇಳಲು ಆಗುವುದೇ ಇಲ್ಲ. 1846ರ ಮೆಕ್ಸಿಕೋ ಯುದ್ಧ, 1850ರ ಒಪ್ಪಂದ, 1854ರ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ, 1857ರ ಡ್ರೆಡ್ ಸ್ಕಾಟ್ ತೀರ್ಪು (ಬಿಡುಗಡೆ ಕೇಳಿದ ಗುಲಾಮನ ವಿರುದ್ಧ ಸುಪ್ರೀಂ ಕೋರ್ಟ್ ಕೊಟ್ಟದ್ದು), ಲಿಂಕನ್ ಗೆದ್ದ 1860ರ ಚುನಾವಣೆ. ಈ ಸರಣಿ ಮಾತ್ರ ನಿದ್ದೆಯಲ್ಲಿ ಕೇಳಿದರೂ ಬರಬೇಕು. ಹೊಸ ನೆಲ ಸಿಕ್ಕಾಗಲೆಲ್ಲ ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಅನ್ನುವ ಜಗಳ ಮತ್ತೆ ಎದ್ದಿತು ಅನ್ನುವುದು ಆ ಸರಣಿಯಲ್ಲೇ ಕಾಣುತ್ತದೆ.

ಇನ್ನೊಂದು. ಈ ಕಡೆ ಬಂದರೆ ಹಳೇ ಹತ್ತಿ ಗಿರಣಿಗಳ ಊರು ಲೋವೆಲ್‌ಗೆ ಕರೆದುಕೊಂಡು ಹೋಗಿ. ಅಲ್ಲಿನ ಬೂಟ್ ಗಿರಣಿ ಈಗ ಮ್ಯೂಸಿಯಂ. ನೇಯ್ಗೆ ಕೋಣೆಯಲ್ಲಿ ಯಂತ್ರದ ಮಗ್ಗಗಳನ್ನು ಇವತ್ತಿಗೂ ಓಡಿಸಿ ತೋರಿಸುತ್ತಾರೆ. ಕಿವಿಗೆ ಹಾಕಿಕೊಳ್ಳಲು ಪ್ಲಗ್ ಕೊಡುತ್ತಾರೆ. ಹಾಕಿಕೊಂಡರೂ ಸದ್ದು ಎದೆಗೆ ಬಡಿಯುತ್ತದೆ, ನೆಲದ ಹಲಗೆ ಕಾಲಡಿ ನಡುಗುತ್ತದೆ. ಅಲ್ಲಿ ಓಡುವುದು ಕೆಲವೇ ಮಗ್ಗ. ಆಗ ಹುಡುಗಿಯರು ದಿನಕ್ಕೆ 12 ಗಂಟೆಗೂ ಜಾಸ್ತಿ ಇಂಥ ಕೋಣೆಗಳಲ್ಲಿ ನಿಲ್ಲುತ್ತಿದ್ದರು. ಹಳ್ಳಿ ರೈತರ ಹೆಣ್ಣುಮಕ್ಕಳು, ಕಂಪನಿಯ ಹಾಸ್ಟೆಲ್‌ನಲ್ಲೇ ವಾಸ, ಗಂಟೆ ಹೊಡೆದಾಗ ಏಳಬೇಕು. 1834ರಲ್ಲಿ ಕೂಲಿ ಇಳಿಸಿದಾಗ, 1836ರಲ್ಲಿ ಹಾಸ್ಟೆಲ್ ದುಡ್ಡು ಏರಿಸಿದಾಗ ಮುಷ್ಕರ ಮಾಡಿ ಬೀದಿಗೆ ಬಂದರು. ನನ್ನ ಮಗಳಿಗೆ ಪುಸ್ತಕದ ಪುಟಕ್ಕಿಂತ ಆ ಸದ್ದೇ ನೆನಪಿದೆ.

ಮೈಸೂರಿನ ನಿವೃತ್ತ ಇತಿಹಾಸ ಮೇಷ್ಟ್ರು, ಸದ್ಯ ಮಗಳ ಮನೆಯಲ್ಲಿ

ಬ್ರಿಟನ್ ವಿರುದ್ಧದ ಅಮೆರಿಕ ಕ್ರಾಂತಿಯ ಭಾಗಕ್ಕೆ ನನ್ನದೊಂದು ಮಾತು. ಮಕ್ಕಳು "ತೆರಿಗೆ ಜಾಸ್ತಿ ಹಾಕಿದರು, ಅದಕ್ಕೆ ದಂಗೆ" ಅಂತ ಬರೆದುಬಿಡುತ್ತಾರೆ. 1773ರ ಚಹಾ ಕಾಯ್ದೆಯಿಂದ ಚಹಾ ಅಗ್ಗವಾಯಿತು! ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿನಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಅದನ್ನು ನೇರವಾಗಿ ಅಮೆರಿಕದಲ್ಲಿ ಮಾರಲು ಬಿಟ್ಟರು. ಸ್ಥಳೀಯ ವ್ಯಾಪಾರಿಗಳ ಹೊಟ್ಟೆಗೆ ಹೊಡೆತ. ಚಹಾದ ಮೇಲಿನ ಹಳೇ ತೆರಿಗೆ ಮಾತ್ರ ಹಾಗೇ ಇತ್ತು, ಅದಕ್ಕೇ ಅಗ್ಗದ ಚಹಾ ಕುಡಿದರೆ ಬ್ರಿಟಿಷ್ ಪಾರ್ಲಿಮೆಂಟಿನ ತೆರಿಗೆ ಹಕ್ಕನ್ನು ಒಪ್ಪಿದ ಹಾಗೆ. ಆ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ಪ್ರತಿಭಟನಾಕಾರರು 342 ಪೆಟ್ಟಿಗೆ ಚಹಾ ನೀರಿಗೆ ಎಸೆದರು. ಹಿಂದಕ್ಕೆ ಹೋಗಿ 1763ನ್ನೂ ನೋಡಿಸಿ. ಫ್ರೆಂಚರ ಜೊತೆಗಿನ ಯುದ್ಧ ಗೆದ್ದ ಬ್ರಿಟನ್ ಸಾಲದಲ್ಲಿತ್ತು. 1765ರ ಸ್ಟಾಂಪ್ ತೆರಿಗೆ ಅಲ್ಲಿಂದ ಬಂತು.

ನಿಮ್ಮ ಮಗಳಿಗೆ ಕುತೂಹಲ ಹುಟ್ಟಿಸಲು ಇನ್ನೊಂದು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಅಮೆರಿಕನ್ನರಿಗೆ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ಸೇ 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ. 1782ರಲ್ಲಿ ಪೆನ್ಸಿಲ್ವೇನಿಯಾದವರ ಒಂದು ಯುದ್ಧ ಹಡಗಿಗೆ ಹೈದರ್ ಅಲಿಯ ಹೆಸರೇ ಇತ್ತು. ಬ್ರಿಟಿಷರ ಶತ್ರು ಅಂತ ಅಷ್ಟು ದೂರಕ್ಕೂ ಅವನ ಹೆಸರು ಮುಟ್ಟಿತ್ತು. ಇದಕ್ಕೆ ಮಾರ್ಕ್ಸ್ ಇಲ್ಲ, ಸುಮ್ನೆ ಹೇಳಿದೆ.

ಮಿಚಿಗನ್‌ನಿಂದ, ಕಾಲೇಜು ವಿದ್ಯಾರ್ಥಿನಿ

ಆಂಟಿ, ಮಾರ್ಕ್ಸ್ ವಿಷಯ ನಾನು ಹೇಳುತ್ತೇನೆ. ಮೇ ತಿಂಗಳ ಎಪಿ ಪರೀಕ್ಷೆಯಲ್ಲಿ 1607ಕ್ಕೆ ಮುಂಚಿನ ಭಾಗಕ್ಕೆ 4–6%, 1607–1754ಕ್ಕೆ 6–8% ಮಾತ್ರ. ಅದರ ನಂತರ 1980ರವರೆಗಿನ ಒಂದೊಂದು ಭಾಗಕ್ಕೂ 10–17%. ಪ್ಯೂರಿಟನ್ನರ (ಆರಂಭದ ಕಾಲದಲ್ಲಿ ಬಂದು ನೆಲೆಸಿದ ಇಂಗ್ಲಿಷ್ ಧಾರ್ಮಿಕ ಪಂಗಡ) ಬಗ್ಗೆ ವಾರಗಟ್ಟಲೆ ಕೂರಬೇಡಿ. ಡಿಬಿಕ್ಯೂ ಅಂದರೆ ದಾಖಲೆ ಆಧರಿಸಿದ ಪ್ರಬಂಧದ ಪ್ರಶ್ನೆಯಲ್ಲಿ ಏಳು ದಾಖಲೆ ಕೊಟ್ಟು ವಾದ ಕಟ್ಟಲು ಹೇಳುತ್ತಾರೆ. ಬರೆದವರು ಯಾರು, ಯಾರಿಗೆ, ಯಾಕೆ ಅಂತ ಹೇಳದೆ ಸುಮ್ಮನೆ ಸಾರಾಂಶ ಬರೆದರೆ ಮಾರ್ಕ್ಸ್ ಹೋಯಿತು.

ಅಭ್ಯಾಸಕ್ಕೆ ಮೂರು ದಾಖಲೆ ಪಕ್ಕಪಕ್ಕ ಇಡಿ. 1776ರ ಸ್ವಾತಂತ್ರ್ಯ ಘೋಷಣೆ. 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಹೆಂಗಸರು ಅದೇ ಧಾಟಿಯಲ್ಲಿ ಬರೆದ ಘೋಷಣೆ. ಅದರಲ್ಲಿ ರಾಜನ ಜಾಗದಲ್ಲಿ ಗಂಡಸು ಅಪರಾಧಿ. 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡೆರಿಕ್ ಡಗ್ಲಸ್ ಮಾಡಿದ ಭಾಷಣ; ನಿಮ್ಮ ಸ್ವಾತಂತ್ರ್ಯ ದಿನ ಗುಲಾಮನಿಗೆ ಏನು ಅಂತ ಅವರು ಕೇಳುತ್ತಾರೆ. ಮೂರನ್ನೂ ಜೋರಾಗಿ ಓದಿಸಿ, ನೀವೂ ಕೇಳಿಸಿಕೊಳ್ಳಿ.

ಜಾರ್ಜಿಯಾದಿಂದ

ದುಡಿಮೆಯ ಪ್ರಶ್ನೆಯ ಜೊತೆ ನೆಲದ ಪ್ರಶ್ನೆಯನ್ನೂ ಸೇರಿಸಿ. ನಮ್ಮ ರಾಜ್ಯದಲ್ಲಿ ನ್ಯೂ ಎಕೋಟಾ ಅಂತ ಒಂದು ಜಾಗ ಇದೆ. ಇಲ್ಲಿನ ಮೂಲನಿವಾಸಿಗಳಾದ ಚೆರೋಕಿಗಳ ರಾಜಧಾನಿ ಆಗಿತ್ತು. 1828ರಲ್ಲಿ ಅಲ್ಲಿಂದ ಅವರದೇ ಪತ್ರಿಕೆ ಹೊರಟಿತು, ಸೆಕ್ವೋಯಾ ಕಟ್ಟಿದ ಲಿಪಿಯಲ್ಲಿ. ಪತ್ರಿಕೆ, ಕೋರ್ಟು, ಬರೆದಿಟ್ಟ ಸಂವಿಧಾನ ಎಲ್ಲಾ ಇತ್ತು. ಅವರ ನೆಲದಲ್ಲಿ ಚಿನ್ನ ಸಿಕ್ಕಿತು. 1830ರಲ್ಲಿ ಅಧ್ಯಕ್ಷ ಜಾಕ್ಸನ್ ಸರ್ಕಾರ ಮೂಲನಿವಾಸಿಗಳನ್ನು ಎಬ್ಬಿಸುವ ತೆರವು ಕಾಯ್ದೆ ತಂದಿತು. 1832ರಲ್ಲಿ ಸುಪ್ರೀಂ ಕೋರ್ಟ್ ಚೆರೋಕಿಗಳ ಪರ ತೀರ್ಪು ಕೊಟ್ಟಿತು; ಅದೇ ವರ್ಷ ಜಾರ್ಜಿಯಾ ಅವರ ಜಮೀನನ್ನು ಲಾಟರಿಯಲ್ಲಿ ಬಿಳಿಯರಿಗೆ ಹಂಚಿತು. 1838ರಲ್ಲಿ ಸೈನ್ಯ ಬಂದು ಎಬ್ಬಿಸಿತು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಮುಂದೆ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಕೊಟ್ಟರು ಅಂತ ಬಂದಾಗ, ಯಾರ ನೆಲವನ್ನು ಯಾರಿಗೆ ಅಂತ ಕೇಳಿ.

1865ರಿಂದ 1877ರ ಭಾಗವನ್ನು ಮಕ್ಕಳು ಹಾರಿಸುತ್ತಾರೆ, ನನಗೆ ಅದೇ ಬೇಜಾರು. ಸಂವಿಧಾನಕ್ಕೆ 13, 14, 15ನೇ ತಿದ್ದುಪಡಿ ಬಂದವು: ಗುಲಾಮಗಿರಿ ರದ್ದು, ಇಲ್ಲಿ ಹುಟ್ಟಿದವರಿಗೆ ಪೌರತ್ವ, ಕಪ್ಪು ಗಂಡಸರಿಗೆ ವೋಟು. 1870ರಲ್ಲಿ ಮಿಸಿಸಿಪ್ಪಿಯಿಂದ ಕಪ್ಪು ಜನಾಂಗದ ಹೈರಮ್ ರೆವೆಲ್ಸ್ ಸೆನೆಟ್‌ಗೆ ಹೋದರು. 1877ರಲ್ಲಿ ದಕ್ಷಿಣದ ಸರ್ಕಾರಗಳಿಗೆ ಕಾವಲಾಗಿದ್ದ ಸೈನ್ಯ ಹಿಂದೆ ಸರಿಯಿತು. 1890ರಲ್ಲಿ ಅದೇ ಮಿಸಿಸಿಪ್ಪಿ ಹೊಸ ಸಂವಿಧಾನ ಬರೆದು ಓದಿನ ಪರೀಕ್ಷೆ, ತಲೆ ತೆರಿಗೆ ಹಾಕಿ ಕಪ್ಪು ಜನರ ವೋಟು ಕಿತ್ತುಕೊಂಡಿತು. 14ನೇ ತಿದ್ದುಪಡಿ ನಮ್ಮ ಮನೆಗಳಿಗೂ ಸೇರಿದ್ದು. 1790ರ ಕಾನೂನಿನ ಪ್ರಕಾರ ಹೊರಗಿಂದ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ. 1882ರಲ್ಲಿ ಚೀನಾದ ಕೂಲಿಗಳು ಒಳಗೆ ಬರುವುದನ್ನೇ ನಿಲ್ಲಿಸಿದರು. ಅದೂ 1869ರಲ್ಲಿ ಮುಗಿದ ಖಂಡ ದಾಟುವ ರೈಲು ಹಳಿಯ ಪಶ್ಚಿಮ ಭಾಗವನ್ನು ಅವರ ಕೈಯಲ್ಲಿ ಹಾಕಿಸಿಕೊಂಡ ಮೇಲೆ! 1898ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಕೇಸಿನಲ್ಲಿ, ಇಲ್ಲೇ ಹುಟ್ಟಿದವನು ಇಲ್ಲಿಯ ಪ್ರಜೆ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಪ್ರಶ್ನೆ ಕೇಳಿದವರು

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಹೈದರ್ ಅಲಿ ಹಡಗು ಅವಳಿಗೆ ಹಿಡಿಸಿತು. ಇನ್ನೊಂದು ಕೇಳಲಾ? 1896ರ ಚುನಾವಣೆಯಲ್ಲಿ ರೈತರು ಬೆಳ್ಳಿ ನಾಣ್ಯ ಬೇಕು ಅಂತ ಯಾಕೆ ಜಗಳ ಆಡಿದರು? ನಮ್ಮಿಬ್ಬರಿಗೂ ತಲೆಬುಡ ತಿಳಿಯಲಿಲ್ಲ.

ಡಲ್ಲಾಸ್‌ನಿಂದ ಒಬ್ಬ ಅಪ್ಪ

ಸಾಲದ ಲೆಕ್ಕ ಮೇಡಂ. ರೈತ 100 ಡಾಲರ್ ಸಾಲ ಮಾಡಿದ ಅಂದುಕೊಳ್ಳಿ. ಗೋಧಿ ಬುಷೆಲ್‌ಗೆ (ಅಲ್ಲಿನ ಧಾನ್ಯದ ಅಳತೆ) 1 ಡಾಲರ್ ಇದ್ದರೆ 100 ಬುಷೆಲ್ ಮಾರಿದರೆ ಸಾಲ ತೀರುತ್ತದೆ. ಬೆಲೆ 50 ಸೆಂಟಿಗೆ ಬಿದ್ದರೆ 200 ಬುಷೆಲ್ ಬೇಕು. ಸಾಲ ಅಷ್ಟೇ, ದುಡಿಮೆ ಎರಡರಷ್ಟು. 1873ರ ಕಾನೂನು ಬೆಳ್ಳಿ ಡಾಲರ್ ಕೈಬಿಟ್ಟ ಮೇಲೆ ಚಲಾವಣೆಯ ಹಣಕ್ಕೆ ಚಿನ್ನವೇ ಮುಖ್ಯ ಆಧಾರ. ಬೆಳೆ ಹೆಚ್ಚಿತು, ಹಣ ಅಷ್ಟು ಹೆಚ್ಚಲಿಲ್ಲ, ಬೆಲೆ ಇಳಿಯುತ್ತಾ ಹೋಯಿತು. ಬೆಳ್ಳಿ ಟಂಕಿಸಿದರೆ ಹಣ ಜಾಸ್ತಿ, ಬೆಲೆ ಏರಿಕೆ, ಸಾಲ ಹಗುರ. ಸಾಲ ಕೊಟ್ಟವರಿಗೆ ಇದು ಬೇಕಿರಲಿಲ್ಲ, ದಿನದ ಕೂಲಿಯಲ್ಲಿ ಬ್ರೆಡ್ ಕೊಳ್ಳುವ ಕಾರ್ಖಾನೆ ಕೆಲಸಗಾರರಿಗೂ ಅಷ್ಟಾಗಿ ಬೇಕಿರಲಿಲ್ಲ. ಅದಕ್ಕೇ ಬೆಳ್ಳಿ ಪರ ನಿಂತ ಅಭ್ಯರ್ಥಿ ಬ್ರಯನ್‌ಗೆ ದಕ್ಷಿಣ, ಪಶ್ಚಿಮದ ವೋಟು ಬಿತ್ತು. ಕಾರ್ಖಾನೆಗಳಿದ್ದ ಈಶಾನ್ಯ ರಾಜ್ಯಗಳು ಚಿನ್ನದ ಪರ ನಿಂತ ಮೆಕಿನ್ಲಿ ಕಡೆ ಹೋದವು.